ಕಾಣದ ಕಿರಣಕ್ಕೆ ಕಾವಲು

ಅಂಚೆಯವನು ಆಸ್ಪತ್ರೆಯ ಬಾಗಿಲಿಗೆ ಪೆಟ್ಟಿಗೆಯೊಂದನ್ನು ತಂದಿಳಿಸಿ ಹೋಗುತ್ತಾನೆ. ಮುಚ್ಚಳ ತೆರೆದು ನೋಡಿದರೆ ಒಳಗೆ ಒಂದು ತಲೆ!

ವಾಚಕರು ಗಾಬರಿಪಡಬೇಕಾಗಿಲ್ಲ, ಇದು ಪತ್ತೇದಾರಿ ಕಾದಂಬರಿಯ ಮೊದಲ ಅಧ್ಯಾಯವಲ್ಲ. ಆ ತಲೆ ಪ್ಲಾಸ್ಟಿಕ್ಕಿನದು, ಒಳಗೆ ಟೊಳ್ಳು. ಅದಕ್ಕೆ ನೀರು ತುಂಬಿ, ಕ್ಯಾನ್ಸರ್ ರೋಗಿಗಳನ್ನು ಮಲಗಿಸುವ ಮೇಜಿನ ಮೇಲೆಯೇ ಮಲಗಿಸುತ್ತಾರೆ. ರೋಗಿಗೆ ತೆಗೆಯುವಂತೆಯೇ ಅದಕ್ಕೂ ಸ್ಕ್ಯಾನ್ ಚಿತ್ರಗಳನ್ನು ತೆಗೆಯುತ್ತಾರೆ. ರೋಗಿಗೆ ಮಾಡುವಂತೆಯೇ ಲೆಕ್ಕ ಹಾಕಿ, ಯೋಜನೆ ಸಿದ್ಧಪಡಿಸಿ, ಕಿರಣಗಳನ್ನು ಹಾಯಿಸುತ್ತಾರೆ. ಬಳಿಕ ನೀರನ್ನು ಚೆಲ್ಲಿ, ಮತ್ತೆ ಪೆಟ್ಟಿಗೆಯಲ್ಲಿಟ್ಟು, ಬಂದ ವಿಳಾಸಕ್ಕೇ ಹಿಂದಿರುಗಿಸುತ್ತಾರೆ.

ಆ ವಿಳಾಸ ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಹೂಸ್ಟನ್ ನಗರದ್ದು. ಅಲ್ಲಿನ ಎಂ. ಡಿ. ಆಂಡರ್‌ಸನ್ ಕ್ಯಾನ್ಸರ್ ಸಂಸ್ಥೆಯ ಆಶ್ರಯದಲ್ಲಿ 1968ರಲ್ಲಿ ಒಂದು ಭೌತವಿಜ್ಞಾನ ಕೇಂದ್ರ ಆರಂಭವಾಯಿತು. ಹೊಸ ಚಿಕಿತ್ಸೆಗಳನ್ನು ಒರೆಗೆ ಹಚ್ಚುವ ಪ್ರಯೋಗಗಳಲ್ಲಿ ಭಾಗವಹಿಸುವ ಆಸ್ಪತ್ರೆಗಳೆಲ್ಲವೂ ಒಂದೇ ಅಳತೆಯಲ್ಲಿ, ಒಂದೇ ಕ್ರಮದಲ್ಲಿ ಕಿರಣ ಕೊಡುತ್ತಿವೆಯೆ ಎಂಬುದನ್ನು ನೋಡುವುದು ಅದರ ಉದ್ದೇಶ. ಅಂಚೆಯಲ್ಲಿ ಊರೂರು ತಿರುಗುವ ಈ ತಲೆ ಆ ಕೇಂದ್ರದ ಒಬ್ಬ ಮೂಕ ದೂತ.

ಬೊಂಬೆಯ ಒಳಗೆ ಗೆಡ್ಡೆಯ ಆಕಾರದ ಒಂದು ತುಂಡು, ಅದರ ಬಳಿ ರೋಗ ಹರಡಿದೆಯೆಂದು ಭಾವಿಸಬೇಕಾದ ಇನ್ನೊಂದು ತುಂಡು, ಹಿಂದುಗಡೆ ಬೆನ್ನುಹುರಿಯನ್ನು ಹೋಲುವ ಮತ್ತೊಂದು ಭಾಗ ಇವೆ. ಇವುಗಳಲ್ಲಿ ಲಿಥಿಯಂ ಫ್ಲೋರೈಡ್ ಎಂಬ ಬಿಳಿಯ ಪುಡಿ ತುಂಬಿದ ಪುಟ್ಟ ಗುಳಿಗೆಗಳನ್ನು ಹುದುಗಿಸಿರುತ್ತಾರೆ. ಈ ಪುಡಿಯ ಗುಣ ವಿಚಿತ್ರವಾದುದು. ತನ್ನ ಮೇಲೆ ಬಿದ್ದ ಕಿರಣದ ಶಕ್ತಿಯ ಒಂದಂಶವನ್ನು ಅದು ತನ್ನಲ್ಲೇ ಕೂಡಿಟ್ಟುಕೊಳ್ಳುತ್ತದೆ. ಆಮೇಲೆ ಪ್ರಯೋಗಶಾಲೆಯಲ್ಲಿ ಕಾಯಿಸಿದಾಗ ಅದನ್ನು ಬೆಳಕಾಗಿ ಹೊರಚೆಲ್ಲುತ್ತದೆ. ಬೆಳಕು ಹೆಚ್ಚಿದ್ದರೆ ಬಿದ್ದ ಕಿರಣ ಹೆಚ್ಚು, ಕಡಿಮೆಯಿದ್ದರೆ ಕಡಿಮೆ. ಜೊತೆಗೆ, ಕಿರಣ ತಾಗಿದೆಡೆ ಬಣ್ಣ ತಿರುಗುವ ಫಿಲ್ಮ್ ಹಾಳೆಗಳೂ ಇರುತ್ತವೆ. ಎಷ್ಟು ಬಿತ್ತು ಎಂಬುದನ್ನು ಗುಳಿಗೆ ಹೇಳುತ್ತದೆ. ಎಲ್ಲಿ ಬಿತ್ತು ಎಂಬುದನ್ನು ಫಿಲ್ಮ್ ಹೇಳುತ್ತದೆ. ಪ್ಲಾಸ್ಟಿಕ್ಕಿನ ತಲೆಗೆ ಬಾಯಿಲ್ಲದಿದ್ದರೂ ಅದು ಸಾಕ್ಷಿ ನುಡಿಯದೆ ಬಿಡುವುದಿಲ್ಲ.

ಆ ಸಾಕ್ಷ್ಯ ಏನೆಂದು ಕೇಳಿ. 2001ರಿಂದ 2011ರವರೆಗೆ 763 ಸಂಸ್ಥೆಗಳು ಈ ತಲೆಗೆ 1139 ಸಲ ಚಿಕಿತ್ಸೆ ಮಾಡಿದವು. ತೇರ್ಗಡೆಯ ನಿಯಮವೇನೂ ಕಠಿಣವಾಗಿರಲಿಲ್ಲ: ಪ್ರಮಾಣದಲ್ಲಿ ನೂರಕ್ಕೆ ಏಳರಷ್ಟು, ಸ್ಥಾನದಲ್ಲಿ ನಾಲ್ಕು ಮಿಲಿಮೀಟರಿನಷ್ಟು ಹೆಚ್ಚುಕಡಿಮೆಯಾದರೂ ಕ್ಷಮೆಯಿತ್ತು. ಆದರೂ ತೇರ್ಗಡೆಯಾದದ್ದು 929 ಸಲ ಮಾತ್ರ. ಉಳಿದ 210 ಸಲ, ನುರಿತವರು ಒಳ್ಳೆಯ ಯಂತ್ರಗಳಲ್ಲಿ ಎಚ್ಚರದಿಂದ ಮಾಡಿದ ಕೆಲಸವೇ ಗುರಿ ತಪ್ಪಿತ್ತು.

ಬೊಂಬೆಗೆ ನೋವಿಲ್ಲ, ಸಾವಿಲ್ಲ. ಆದರೆ ಅದೇ ಮೇಜಿನ ಮೇಲೆ ನಾಳೆ ಮಲಗುವವರಿಗೆ?

ನಾಲಗೆಗೆ ಸಿಗದ ಉಪ್ಪು

ಅಡಿಗೆಯಲ್ಲಿ ಉಪ್ಪು ಹೆಚ್ಚಾದರೆ ನಾಲಗೆ ಹೇಳುತ್ತದೆ. ಔಷಧ ಕಹಿಯಾದರೆ ಮುಖ ಕಿವುಚುತ್ತೇವೆ. ಕಿರಣಚಿಕಿತ್ಸೆಯಲ್ಲಿ ಮಾತ್ರ ಮನುಷ್ಯನ ಪಂಚೇಂದ್ರಿಯಗಳಲ್ಲಿ ಒಂದೂ ಸಹಾಯಕ್ಕೆ ಬಾರದು. ಕಿರಣ ಕಣ್ಣಿಗೆ ಕಾಣದು, ಕಿವಿಗೆ ಕೇಳದು, ಚರ್ಮಕ್ಕೆ ಬಿಸಿಯೂ ಆಗದು.

ಇದು ಎಷ್ಟರ ಮಟ್ಟಿಗೆ ನಿಜವೆಂಬುದಕ್ಕೆ ಒಂದು ಲೆಕ್ಕ ಸಾಕು. ಒಂದು ಕಿಲೋಗ್ರಾಂ ದ್ರವ್ಯದಲ್ಲಿ ಒಂದು ಜೌಲ್ ಶಕ್ತಿ ಹೀರಿಕೆಯಾದರೆ ಅದನ್ನು ಒಂದು 'ಗ್ರೇ' ಎನ್ನುತ್ತಾರೆ. ಗಂಟಲಿನ ಕ್ಯಾನ್ಸರಿಗೆ ಸಾಮಾನ್ಯವಾಗಿ ದಿನಕ್ಕೆ 2 ಗ್ರೇಯಂತೆ 35 ದಿನ, ಒಟ್ಟು 70 ಗ್ರೇ ಕೊಡುವುದುಂಟು. ಏಳು ವಾರಗಳ ಆ ಶಕ್ತಿಯನ್ನೆಲ್ಲ ಒಂದೇ ಸಲಕ್ಕೆ ನೀರಿಗೆ ಕೊಟ್ಟರೂ ಅದರ ಉಷ್ಣತೆ ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗದಷ್ಟು ಮಾತ್ರ ಏರೀತು! ಗೆಡ್ಡೆಯನ್ನು ಕರಗಿಸಬಲ್ಲ, ತಪ್ಪಿದರೆ ಕೈಕಾಲುಗಳ ಸ್ವಾಧೀನವನ್ನೇ ಕಸಿದುಕೊಳ್ಳಬಲ್ಲ ಶಕ್ತಿ ಅಷ್ಟು ಮೌನವಾಗಿ ದೇಹವನ್ನು ಹೊಗುತ್ತದೆ.

1895ರಲ್ಲಿ ರಾಂಟ್‌ಗೆನ್ ಕ್ಷಕಿರಣಗಳನ್ನು ಕಂಡುಹಿಡಿದ ಮೇಲೆ ಬಹುಕಾಲ ಇದನ್ನು ಅಳೆಯುವ ಸರಿಯಾದ ಮಾನವೇ ಇರಲಿಲ್ಲ. ರೋಗಿಯ ಚರ್ಮ ಕೆಂಪೇರುವುದನ್ನು ನೋಡಿ ವೈದ್ಯರು ಪ್ರಮಾಣವನ್ನು ಅಂದಾಜು ಮಾಡುತ್ತಿದ್ದರು. 1928ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ವಿಜ್ಞಾನಿಗಳು 'ರಾಂಟ್‌ಗೆನ್' ಎಂಬ ಮಾನವನ್ನು ಒಪ್ಪಿಕೊಂಡರು. 1975ರಲ್ಲಿ ಬ್ರಿಟಿಷ್ ವಿಜ್ಞಾನಿ ಲೂಯಿ ಹೆರಾಲ್ಡ್ ಗ್ರೇ ಅವರ ಹೆಸರಿನ ಮಾನ ಬಳಕೆಗೆ ಬಂತು. ಮಾನವೇನೋ ದೊರೆಯಿತು. ಆದರೆ ತಕ್ಕಡಿ ಇದ್ದ ಮಾತ್ರಕ್ಕೆ ತೂಕ ಸರಿಯಾಗಿರುತ್ತದೆಯೆ? ತೂಗುವ ಕೈಯನ್ನೂ ಆಗಾಗ ಪರೀಕ್ಷಿಸಬೇಕಲ್ಲವೆ?

ಎರಡು ಪ್ರಪಾತಗಳ ನಡುವೆ

ಕಿರಣಚಿಕಿತ್ಸೆಯ ವೈದ್ಯನು ಎರಡು ಪ್ರಪಾತಗಳ ನಡುವಿನ ಕಿರುದಾರಿಯಲ್ಲಿ ನಡೆಯುವವನು. ಪ್ರಮಾಣ ಕಡಿಮೆಯಾಯಿತೋ, ಗೆಡ್ಡೆಯ ಒಂದು ಮೂಲೆಯಲ್ಲಿ ಜೀವಕೋಶಗಳು ಉಳಿದು ರೋಗ ಮರಳಿ ಬಂದೀತು. ಹೆಚ್ಚಾಯಿತೋ, ಪಕ್ಕದಲ್ಲಿರುವ ಆರೋಗ್ಯವಂತ ಅಂಗಕ್ಕೆ ಪೆಟ್ಟು. ಕುತ್ತಿಗೆಯ ಭಾಗದಲ್ಲಂತೂ ಬೆರಳಗಲದ ಅಂತರದಲ್ಲೇ ಎಲ್ಲವೂ ಕಿಕ್ಕಿರಿದಿವೆ. ಲಾಲಾಗ್ರಂಥಿಗಳು ಬೆಂದುಹೋದರೆ ರೋಗಿ ಬದುಕಿದರೂ ಒಣಗಿದ ಬಾಯಿಯಲ್ಲಿ ತುತ್ತು ನುಂಗಲಾರದೆ ದಿನ ಕಳೆಯಬೇಕಾಗುತ್ತದೆ. ಬೆನ್ನುಹುರಿಗೆ ಮಿತಿಮೀರಿ ತಾಗಿದರೆ ಪಾರ್ಶ್ವವಾಯುವಿನಂತಹ ಗತಿ ಒದಗೀತು. ಈ ದಾರಿಯ ಅಗಲ ಬಹಳ ಕಡಿಮೆಯೆಂದು ಅರಿತೇ 1976ರಲ್ಲಿ ಅಂತರರಾಷ್ಟ್ರೀಯ ಕಿರಣಮಾನ ಆಯೋಗವು ಕೊಡುವ ಪ್ರಮಾಣ ನೂರಕ್ಕೆ ಐದಕ್ಕಿಂತ ಹೆಚ್ಚು ತಪ್ಪಬಾರದೆಂದು ಸೂಚಿಸಿತು.

ಹಾಗಾದರೆ ತಪ್ಪು ಎಲ್ಲಿಂದ ನುಸುಳುತ್ತದೆ? ಯಂತ್ರ ಕೆಟ್ಟಿರುವುದೊಂದೇ ಕಾರಣವಲ್ಲ. ಮೊದಲು ವೈದ್ಯನು ಸ್ಕ್ಯಾನ್ ಚಿತ್ರಗಳ ಪ್ರತಿಯೊಂದು ಪದರದ ಮೇಲೂ ಗೆಡ್ಡೆಯ ಎಲ್ಲೆಯನ್ನು ಗೆರೆ ಎಳೆದು ಗುರುತಿಸಬೇಕು. ದರ್ಜಿಯು ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕುವ ಹಾಗೆ. ಗುರುತು ತಪ್ಪಿದರೆ ಕತ್ತರಿ ಎಷ್ಟು ಹರಿತವಾಗಿದ್ದು ಏನು ಪ್ರಯೋಜನ? ಬಳಿಕ ಭೌತವಿಜ್ಞಾನಿಯು ಯಾವ ಯಾವ ದಿಕ್ಕಿನಿಂದ ಎಷ್ಟೆಷ್ಟು ಕಿರಣ ಹಾಯಿಸಬೇಕೆಂದು ಕಂಪ್ಯೂಟರಿನಲ್ಲಿ ಯೋಜನೆ ಹಾಕಬೇಕು. ಕೊನೆಗೆ ತಂತ್ರಜ್ಞರು ಏಳು ವಾರಗಳ ಕಾಲ, ದಿನದಿನವೂ, ರೋಗಿಯನ್ನು ಅದೇ ಭಂಗಿಯಲ್ಲಿ ಮಲಗಿಸಬೇಕು. ಈ ಸರಪಳಿಯ ಯಾವ ಕೊಂಡಿ ಸಡಿಲವಾದರೂ ಫಲ ಒಂದೇ.

ಎರಡು ಗುಂಪು, ಒಂದು ಪ್ರಶ್ನೆ

ಸಾಮಾನ್ಯ ಚಿಕಿತ್ಸೆಯಲ್ಲೇ ಇಷ್ಟು ಎಚ್ಚರ ಬೇಕಾದರೆ ಚಿಕಿತ್ಸಾ ಪ್ರಯೋಗಗಳಲ್ಲಿ ಅದರ ಇಮ್ಮಡಿ ಬೇಕು. ಹೊಸ ಔಷಧವೋ ಹೊಸ ವಿಧಾನವೋ ಹಳೆಯದಕ್ಕಿಂತ ಮೇಲೆ ಎಂದು ಹೇಗೆ ತಿಳಿಯುವುದು? ನೂರಾರು ರೋಗಿಗಳನ್ನು, ಅವರ ಒಪ್ಪಿಗೆ ಪಡೆದು, ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸುತ್ತಾರೆ. ಒಂದು ಗುಂಪಿಗೆ ಹಳೆಯದು, ಇನ್ನೊಂದಕ್ಕೆ ಹೊಸದು. ಉಳಿದುದೆಲ್ಲವೂ ಎರಡೂ ಕಡೆ ಸಮನಾಗಿರಬೇಕು. ಆಗ ಮಾತ್ರ ಫಲದಲ್ಲಿ ಕಂಡ ವ್ಯತ್ಯಾಸ ಹೊಸದರದೇ ಎಂದು ಹೇಳಬಹುದು.

ಒಂದೇ ಆಸ್ಪತ್ರೆಯಲ್ಲಿ ಅಷ್ಟು ರೋಗಿಗಳು ದೊರೆಯುವುದಿಲ್ಲ. ಆದ್ದರಿಂದ ಹಲವು ಊರುಗಳ, ಹಲವು ದೇಶಗಳ ಆಸ್ಪತ್ರೆಗಳು ಕೈಗೂಡಿಸುತ್ತವೆ. ಅಲ್ಲಿಯೇ ತೊಡಕು. 'ನಿಗದಿಯಾದಷ್ಟು ಕೊಟ್ಟೆವು' ಎಂದು ಎಲ್ಲರೂ ಬರೆದುಕಳಿಸುತ್ತಾರೆ. ಆದರೆ ಎಲ್ಲರ ಕೊಡುವಿಕೆಯೂ ನಿಜವಾಗಿ ಒಂದೇ ಆಗಿತ್ತೆ? ಹತ್ತು ಮನೆಗಳ ಹಾಲನ್ನು ಒಂದೇ ಹಂಡೆಗೆ ಸುರಿದ ಮೇಲೆ ನೀರು ಬೆರೆಸಿದವರು ಯಾರೆಂದು ತಿಳಿಯುವುದು ಕಷ್ಟ. ಸುರಿಯುವ ಮೊದಲೇ ನೋಡಬೇಕು. ಹಾಗೆ ನೋಡುವುದೇ ಗುಣಪರೀಕ್ಷಕರ ವೃತ್ತಿ.

ಪರೀಕ್ಷಕರ ಮೇಜು

ಈ ವೃತ್ತಿಯಲ್ಲಿ ತೊಡಗಿದವರಲ್ಲಿ ಭೌತವಿಜ್ಞಾನಿಗಳಿದ್ದಾರೆ, ಕ್ಯಾನ್ಸರ್ ವೈದ್ಯರಿದ್ದಾರೆ, ಕಿರಣಯಂತ್ರವನ್ನು ನಡೆಸಿ ನುರಿತ ತಂತ್ರಜ್ಞರಿದ್ದಾರೆ. ಇವರ ಕೆಲಸ ಮೊದಲ ರೋಗಿ ಬರುವುದಕ್ಕೆ ಬಹಳ ಮುಂಚೆಯೇ ಶುರುವಾಗುತ್ತದೆ. ಪ್ರಯೋಗದ ನಿಯಮಾವಳಿಯನ್ನು ಬರೆಯುವಾಗ ಪಕ್ಕದಲ್ಲಿ ಕುಳಿತು, 'ಈ ವಾಕ್ಯಕ್ಕೆ ಎರಡು ಅರ್ಥ ಬರುತ್ತದೆ, ತಿದ್ದಿ' ಎಂದು ಹೇಳುವವರು ಇವರೇ. ಎರಡು ರೀತಿಯಲ್ಲಿ ಓದಬಹುದಾದ ನಿಯಮವನ್ನು ನೂರು ಆಸ್ಪತ್ರೆಗಳು ಎರಡು ರೀತಿಯಲ್ಲಿ ಓದಿಯೇ ಓದುತ್ತವೆ!

ಆಮೇಲೆ ಪ್ರತಿ ಆಸ್ಪತ್ರೆಗೂ ಒಂದು ಪ್ರವೇಶ ಪರೀಕ್ಷೆ. ಯಂತ್ರಗಳ ವಿವರ ಕೇಳಿ ಪ್ರಶ್ನಾವಳಿ ಹೋಗುತ್ತದೆ. ಒಬ್ಬನೇ ರೋಗಿಯ ಸ್ಕ್ಯಾನ್ ಚಿತ್ರಗಳನ್ನು ಎಲ್ಲ ಆಸ್ಪತ್ರೆಗಳಿಗೂ ಕಳಿಸಿ, 'ಗೆಡ್ಡೆಯ ಎಲ್ಲೆಯನ್ನು ಗುರುತಿಸಿ, ಯೋಜನೆ ಹಾಕಿ ತೋರಿಸಿ' ಎನ್ನುತ್ತಾರೆ. ಬಂದ ಉತ್ತರಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ಆಶ್ಚರ್ಯ ಕಾದಿರುತ್ತದೆ. ಒಂದೇ ಗೆಡ್ಡೆಗೆ ಹತ್ತು ವೈದ್ಯರು ಹತ್ತು ಗಡಿಗಳನ್ನು ಎಳೆದಿರುತ್ತಾರೆ. ಯಂತ್ರದ ಮಾತಿಗೆ ಬಂದರೆ, ಮೊದಲು ಹೇಳಿದ ಬೊಂಬೆ ಅಂಚೆಯಲ್ಲಿ ಹೊರಡುತ್ತದೆ.

ಇಷ್ಟೆಲ್ಲ ದಾಟಿದ ಮೇಲೆ ನಿಜವಾದ ರೋಗಿಗಳು. ಕೆಲವು ಪ್ರಯೋಗಗಳಲ್ಲಿ ಪ್ರತಿ ರೋಗಿಯ ಯೋಜನೆಯನ್ನೂ ಚಿಕಿತ್ಸೆಗೆ ಮುಂಚೆಯೋ, ಚಿಕಿತ್ಸೆಯ ಮೊದಲ ದಿನಗಳಲ್ಲಿಯೋ ಪರೀಕ್ಷಕರು ನೋಡಿಬಿಡಬೇಕು. ಚಿತ್ರಗಳಲ್ಲಿ ರೋಗಿಯ ಹೆಸರಿರುವುದಿಲ್ಲ. ಒಂದು ಸಂಖ್ಯೆ ಮಾತ್ರ. ಪರೀಕ್ಷಕಿಯೊಬ್ಬಳು ಪರದೆಯ ಮುಂದೆ ಕುಳಿತಿದ್ದಾಳೆಂದು ಊಹಿಸಿಕೊಳ್ಳೋಣ. ಪದರ ಪದರವಾಗಿ ಇಳಿಯುತ್ತ ಹೋಗುತ್ತಾಳೆ. ದವಡೆ ಕಂಡಿತು, ಗಂಟಲು ಕಂಡಿತು, ಗೆಡ್ಡೆಯ ಸುತ್ತ ಎಳೆದ ಕೆಂಪು ಗೆರೆ ಕಂಡಿತು. ಎಡಗಡೆಯ ದುಗ್ಧಗ್ರಂಥಿಯೊಂದು ಊದಿಕೊಂಡಿದೆ. ಆದರೆ ಗೆರೆ ಅದನ್ನು ಬಳಸಿಲ್ಲ. ಮರೆತರೋ? ಬೇಕೆಂದೇ ಬಿಟ್ಟರೋ? ವರದಿಗಳನ್ನು ತಿರುವಿಹಾಕುತ್ತಾಳೆ. ಹಿರಿಯ ವೈದ್ಯರೊಬ್ಬರಿಗೆ ತೋರಿಸುತ್ತಾಳೆ. ಬಳಿಕ ಪತ್ರ ಬರೆಯುತ್ತಾಳೆ.

ಆ ಪತ್ರವನ್ನು ಬರೆಯುವುದು ಸುಲಭವಲ್ಲ. ಅದನ್ನು ಓದುವವರು ತನಗಿಂತ ಇಪ್ಪತ್ತು ವರ್ಷ ಹಿರಿಯರಾದ ಪ್ರಾಧ್ಯಾಪಕರಿರಬಹುದು. 'ನಿಮ್ಮದು ತಪ್ಪು' ಎಂದರೆ ಬಾಗಿಲು ಮುಚ್ಚಿತು. 'ಈ ಗ್ರಂಥಿಯನ್ನು ದಯವಿಟ್ಟು ಮತ್ತೊಮ್ಮೆ ಪರಿಶೀಲಿಸುವಿರಾ?' ಎಂದರೆ ತೆರೆದೀತು. ವಿನಯವಿರಬೇಕು, ಆದರೆ ಅಂಜಿಕೆಯಿರಬಾರದು. ಕಾಲವಂತೂ ಕಾಯದು, ರೋಗಿ ಅಲ್ಲಿ ಆಗಲೇ ಮೇಜಿನ ಮೇಲೆ ಮಲಗಿದ್ದಾನೆ. ಏಳು ವಾರಗಳಾದ ಮೇಲೆ ತಪ್ಪು ತಿಳಿದರೆ ಅದು ವರದಿಯಲ್ಲಿ ಒಂದು ಸಾಲಾದೀತೇ ಹೊರತು ಅವನಿಗೆ ಅದರಿಂದ ಬಂದ ಭಾಗ್ಯವೇನೂ ಇಲ್ಲ.

ಔಷಧ ಸೋತಿತು, ಸತ್ಯ ಗೆದ್ದಿತು

ಈ ಮೌನ ಪರಿಶ್ರಮಕ್ಕೆ ನಿಜವಾಗಿ ಬೆಲೆಯಿದೆಯೆ? ಅಥವಾ ಇದು ಕಡತಗಳನ್ನು ಬೆಳೆಸುವ ಇನ್ನೊಂದು ಕಚೇರಿ ಮಾತ್ರವೆ? ಉತ್ತರ ಅನಿರೀಕ್ಷಿತವಾದ ಕಡೆಯಿಂದ ಬಂತು.

ಗ್ರೇ ಮಾನಕ್ಕೆ ಹೆಸರಿತ್ತ ಆ ವಿಜ್ಞಾನಿಯೇ 1953ರಲ್ಲಿ ತಮ್ಮ ಸಹೋದ್ಯೋಗಿಗಳೊಡನೆ ಒಂದು ಸಂಗತಿಯನ್ನು ಎತ್ತಿತೋರಿಸಿದ್ದರು: ಆಮ್ಲಜನಕದ ಕೊರತೆಯಿರುವ ಗೆಡ್ಡೆಯ ಕೋಶಗಳು ಕಿರಣಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಅಂತಹ ಕೋಶಗಳನ್ನೇ ಹುಡುಕಿ ಕೊಲ್ಲುವ ಟೈರಪಜಮೈನ್ ಎಂಬ ಔಷಧವೊಂದು ತಯಾರಾಯಿತು. ಮೊದಲ ಪರೀಕ್ಷೆಗಳು ಆಸೆ ಹುಟ್ಟಿಸಿದವು. 2002ರಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಕಿರಣಚಿಕಿತ್ಸಾ ತಜ್ಞರ ಸಂಘಟನೆಯಾದ 'ಟ್ರಾಗ್' ನಾಯಕತ್ವದಲ್ಲಿ ದೊಡ್ಡ ಪ್ರಯೋಗ ಆರಂಭವಾಯಿತು. 16 ದೇಶಗಳ ಎಂಬತ್ತಕ್ಕೂ ಹೆಚ್ಚು ಆಸ್ಪತ್ರೆಗಳು ಸೇರಿದವು. 2005ರವರೆಗೆ ತಲೆ ಮತ್ತು ಕುತ್ತಿಗೆಯ ಮುಂದುವರಿದ ಕ್ಯಾನ್ಸರಿನ 861 ರೋಗಿಗಳು ಸೇರಿದರು. ಎಲ್ಲರಿಗೂ ಏಳು ವಾರಗಳಲ್ಲಿ 70 ಗ್ರೇ ಕಿರಣ ಮತ್ತು ಸಿಸ್‌ಪ್ಲಾಟಿನ್ ಔಷಧ. ಅರ್ಧ ಜನಕ್ಕೆ ಅದರೊಡನೆ ಹೊಸ ಔಷಧ.

ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ನಂತರ ಬದುಕಿದ್ದವರು ಹಳೆಯ ಚಿಕಿತ್ಸೆಯಲ್ಲಿ ನೂರಕ್ಕೆ 65.7, ಹೊಸದರಲ್ಲಿ 66.2. ವ್ಯತ್ಯಾಸವೇ ಇಲ್ಲ! ಔಷಧ ಸೋತಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೆಲ್ಬರ್ನಿನ ಡಾಕ್ಟರ್ ಲೆಸ್ಟರ್ ಪೀಟರ್ಸ್ ಮತ್ತು ಅವರ ಸಂಗಡಿಗರು ಅದೇ ವರ್ಷ ಇನ್ನೊಂದು ಲೇಖನವನ್ನು ಪ್ರಕಟಿಸಿದರು. ಪ್ರಯೋಗದ ಕಿರಣ ಯೋಜನೆಗಳೆಲ್ಲವನ್ನೂ ತಜ್ಞರ ಸಮಿತಿಯೊಂದು ಮತ್ತೆ ಪರಿಶೀಲಿಸಿತ್ತು. ಪರಾಮರ್ಶೆಗೆ ದೊರೆತ 820 ರೋಗಿಗಳಲ್ಲಿ ನೂರಕ್ಕೆ 25.4 ಮಂದಿಯ ಯೋಜನೆಗಳು ನಿಯಮಕ್ಕೆ ಹೊಂದಿರಲಿಲ್ಲ. ಅವುಗಳಲ್ಲಿ ಸುಮಾರು ಅರ್ಧದಷ್ಟು, ಒಟ್ಟಿನಲ್ಲಿ ನೂರಕ್ಕೆ 12 ಮಂದಿಯ ಯೋಜನೆಗಳು, ರೋಗದ ಹತೋಟಿಯನ್ನೇ ಕೆಡಿಸುವಷ್ಟು ದೋಷದವೆಂದು ಸಮಿತಿ ತೀರ್ಮಾನಿಸಿತು. ಎಲ್ಲಿಯೋ ಗೆರೆ ತಪ್ಪಿತ್ತು. ಎಲ್ಲಿಯೋ ಗೆಡ್ಡೆಯ ಒಂದು ಭಾಗಕ್ಕೆ ಪ್ರಮಾಣ ಸಾಲದಾಗಿತ್ತು. ಎಲ್ಲಿಯೋ ಚಿಕಿತ್ಸೆ ಬೇಕಾದುದಕ್ಕಿಂತ ಹೆಚ್ಚು ದಿನ ಎಳೆದುಹೋಗಿತ್ತು.

ಅವರ ಗತಿ ಏನಾಯಿತು? ಚಿಕಿತ್ಸೆಯ ಬಹುಪಾಲನ್ನು, ಎಂದರೆ 60 ಗ್ರೇಗೆ ಕಡಿಮೆಯಿಲ್ಲದಷ್ಟನ್ನು ಪಡೆದವರನ್ನೇ ಹೋಲಿಸಿ ನೋಡಿದರು. ಮೊದಲಿನಿಂದಲೂ ಸರಿಯಾದ ಯೋಜನೆಯಿದ್ದವರಲ್ಲಿ ಎರಡು ವರ್ಷಗಳ ಬಳಿಕ ಬದುಕಿದ್ದವರು ನೂರಕ್ಕೆ 70. ದೊಡ್ಡ ದೋಷವಿದ್ದ ಯೋಜನೆಯವರಲ್ಲಿ ನೂರಕ್ಕೆ 50.

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ವರ್ಷಗಟ್ಟಲೆ ದುಡಿದು ತಯಾರಿಸಿದ ಔಷಧದಿಂದ ನೂರಕ್ಕೆ ಒಬ್ಬನೂ ಹೆಚ್ಚಾಗಿ ಉಳಿಯಲಿಲ್ಲ. ಯೋಜನೆ ಸರಿಯಾಗಿದ್ದವರಿಗೂ ಕೆಟ್ಟವರಿಗೂ ನಡುವೆ ಮಾತ್ರ ನೂರಕ್ಕೆ ಇಪ್ಪತ್ತು ಮಂದಿಯ ಅಂತರ! ಹೊಸ ಔಷಧವನ್ನು ಹುಡುಕಹೊರಟವರಿಗೆ ದೊರೆತದ್ದು ಒಂದು ಹಳೆಯ ಸತ್ಯ: ಗೊತ್ತಿರುವ ಕೆಲಸವನ್ನು ನೆಟ್ಟಗೆ ಮಾಡುವುದೇ ಒಂದು ದೊಡ್ಡ ಮದ್ದು.

ಮಾತು ಕೇಳಿದವರು

ಈ ವರದಿಯಲ್ಲಿ ಇನ್ನೊಂದು ವಾಕ್ಯವಿದೆ. ಗುಣಪರೀಕ್ಷಕರು ಅದನ್ನು ಮರೆಯಲಾರರು. ಪ್ರಯೋಗ ನಡೆಯುತ್ತಿದ್ದಾಗಲೇ ಅಮೆರಿಕದ ರೋಡ್ ಐಲೆಂಡ್ ಸಂಸ್ಥಾನದ ಪ್ರಾವಿಡೆನ್ಸ್ ನಗರದಲ್ಲಿದ್ದ ಪರಿಶೀಲನಾ ಕೇಂದ್ರವೊಂದು ಯೋಜನೆಗಳನ್ನು ನೋಡಿ, ದೋಷ ಕಂಡಲ್ಲಿ ತಿದ್ದುಪಡಿ ಸೂಚಿಸುತ್ತಿತ್ತು. ಕೊನೆಗೆ ಸಮಿತಿಯು ನಿಯಮಬಾಹಿರವೆಂದು ಪಟ್ಟಿ ಮಾಡಿದ ಯೋಜನೆಗಳಲ್ಲಿ, ಆ ಕೇಂದ್ರದ ಸೂಚನೆಯಂತೆ ತಿದ್ದಿಕೊಂಡ ಯೋಜನೆ ಒಂದೂ ಇರಲಿಲ್ಲ. ಒಂದೂ!

ಎಂದರೆ, ದೂರದ ಊರಿನ ಕೋಣೆಯೊಂದರಲ್ಲಿ ಕುಳಿತು ಯಾರೋ ಬರೆದ ಪತ್ರವನ್ನು ಓದಿ, ಅಭಿಮಾನವನ್ನು ಪಕ್ಕಕ್ಕಿಟ್ಟು, ಗೆರೆಯನ್ನು ತಿದ್ದಿದ ವೈದ್ಯರ ರೋಗಿಗಳು ಆ ಪಟ್ಟಿಯಿಂದ ಪಾರಾದರು. ತಿದ್ದುಪಡಿಯ ಸೂಚನೆ ಬಂದರೂ ಅದು ಆಚರಣೆಗೆ ಬಾರದೆ ಹೋದೆಡೆ ರೋಗಿ ದೋಷದೊಡನೆಯೇ ಚಿಕಿತ್ಸೆ ಮುಗಿಸಬೇಕಾಯಿತು. ಪರೀಕ್ಷಕನು ತಪ್ಪನ್ನು ತೋರಿಸಬಲ್ಲನೇ ಹೊರತು ತಿದ್ದಲಾರ. ತಿದ್ದುವ ಕೈ ಬೇರೆ.

ಇನ್ನೂ ಒಂದು ಪಾಠ ಅಲ್ಲಿ ಅಡಗಿತ್ತು. ಇಪ್ಪತ್ತು ಅಥವಾ ಅದಕ್ಕೂ ಹೆಚ್ಚು ರೋಗಿಗಳನ್ನು ಪ್ರಯೋಗಕ್ಕೆ ಸೇರಿಸಿದ ಆಸ್ಪತ್ರೆಗಳಲ್ಲಿ ದೊಡ್ಡ ದೋಷಗಳು ನೂರಕ್ಕೆ 5.4, ಐದಕ್ಕಿಂತ ಕಡಿಮೆ ಸೇರಿಸಿದವುಗಳಲ್ಲಿ ನೂರಕ್ಕೆ 29.8. ಕೈ ಪಳಗಿದಷ್ಟೂ ತಪ್ಪು ಕಡಿಮೆ ಎಂಬುದು ನಮ್ಮ ಅಕ್ಕಸಾಲಿಗರಿಗೂ ಗೊತ್ತು, ವೀಣೆ ಕಲಿಯುವ ಮಕ್ಕಳಿಗೂ ಗೊತ್ತು. ಕೆಲವೇ ರೋಗಿಗಳನ್ನು ನೋಡುವ ಕಡೆಯಲ್ಲಿಯೇ ಎರಡನೆಯ ಕಣ್ಣು ಹೆಚ್ಚಾಗಿ ಬೇಕು.

ಆಕ್ಷೇಪಣೆಗಳಿಲ್ಲದಿಲ್ಲ

ಈ ಪದ್ಧತಿಯನ್ನು ಎಲ್ಲರೂ ಕೈಮುಗಿದು ಸ್ವಾಗತಿಸುತ್ತಾರೆಂದು ತಿಳಿಯಬಾರದು. 'ನಮಗೆ ರೋಗಿಗಳೇ ಸಾಕಷ್ಟಿರುವಾಗ ಬೊಂಬೆಗಳಿಗೆ ಚಿಕಿತ್ಸೆ ಮಾಡುತ್ತ ಕೂರಲು ಬಿಡುವೆಲ್ಲಿ?' ಎಂದು ಕೇಳುವವರುಂಟು. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಪರೀಕ್ಷೆಗೆ ಹಣ ಬೇಕು, ಆಳು ಬೇಕು, ಯಂತ್ರದ ವೇಳೆ ಬೇಕು. ಒಂದೊಂದು ಪ್ರಯೋಗದವರೂ ತಮ್ಮದೇ ಪ್ರಶ್ನಾವಳಿಯನ್ನು ಕಳಿಸಿ, ಕೊಟ್ಟ ಉತ್ತರವನ್ನೇ ಮತ್ತೆ ಮತ್ತೆ ಬರೆಸಿದರೆ ಯಾರಿಗೆ ಬೇಸರವಾಗದು? ಗೆಡ್ಡೆಯ ಗಡಿಯ ವಿಷಯದಲ್ಲಿ ಪ್ರಾಮಾಣಿಕ ತಜ್ಞರಲ್ಲೇ ಭಿನ್ನಾಭಿಪ್ರಾಯಗಳಿರುವುದೂ ಸುಳ್ಳಲ್ಲ. ಪರೀಕ್ಷಕರ ಗೆರೆಯೇ ಬ್ರಹ್ಮಲಿಪಿಯೆಂದು ಹೇಳುವ ಹಾಗಿಲ್ಲ.

ಈ ಆಕ್ಷೇಪಣೆಗಳಿಗೆ ಕಿವಿಗೊಟ್ಟೇ ಪರೀಕ್ಷಾ ಸಂಸ್ಥೆಗಳು ತಮ್ಮಲ್ಲಿ ಹೊಂದಾಣಿಕೆ ಮಾಡಿಕೊಳ್ಳತೊಡಗಿದವು. ಯೂರೋಪಿನ ಕ್ಯಾನ್ಸರ್ ಸಂಶೋಧನಾ ಸಂಘಟನೆಯ ಕಿರಣಚಿಕಿತ್ಸಾ ವಿಭಾಗವು 1982ರಿಂದಲೇ ಈ ಕಾರ್ಯದಲ್ಲಿ ತೊಡಗಿತ್ತು. 2010ರಲ್ಲಿ ಹಲವು ದೇಶಗಳ ಪರೀಕ್ಷಾ ಸಂಸ್ಥೆಗಳು ಕೂಡಿ ಏಕರೂಪತೆಗಾಗಿ ಒಂದು ಜಾಗತಿಕ ಗುಂಪನ್ನು ರಚಿಸಿಕೊಂಡವು. 2014ರಲ್ಲಿ ಅಮೆರಿಕದ ಕೇಂದ್ರಗಳು, ಹೂಸ್ಟನ್ನಿನದೂ ಪ್ರಾವಿಡೆನ್ಸಿನದೂ ಸೇರಿ, ಒಂದೇ ಛತ್ರದ ಕೆಳಗೆ ಬಂದವು. ಒಂದು ಕಡೆ ತೇರ್ಗಡೆಯಾದ ಆಸ್ಪತ್ರೆ ಎಲ್ಲೆಡೆಯೂ ಮಾನ್ಯವಾಗಬೇಕೆಂಬುದು ಇಂತಹ ಪ್ರಯತ್ನಗಳ ಗುರಿ.

ಖರ್ಚಿನ ಪ್ರಶ್ನೆಗೆ ಟ್ರಾಗ್ ಪ್ರಯೋಗವೇ ಉತ್ತರ ಹೇಳಿದೆ. 861 ಜನ ರೋಗಿಗಳು ಪ್ರಯೋಗಕ್ಕೆ ಒಪ್ಪಿ ಸಹಿ ಹಾಕಿದ್ದು ತಮ್ಮ ಹಿತಕ್ಕಾಗಿ ಮಾತ್ರವಲ್ಲ, ಮುಂದೆ ಬರುವ ರೋಗಿಗಳ ಹಿತಕ್ಕಾಗಿಯೂ ಹೌದು. ಕಿರಣದ ದೋಷಗಳು ನಡುವೆ ಸೇರಿಕೊಂಡರೆ ಔಷಧ ನಿಜವಾಗಿಯೂ ನಿಷ್ಪ್ರಯೋಜಕವೋ, ಅಥವಾ ಅದರ ಸಣ್ಣ ಉಪಕಾರ ಆ ದೋಷಗಳ ಕೆಳಗೆ ಹೂತುಹೋಯಿತೋ ಎಂಬ ಸಂಶಯಕ್ಕೆ ಎಡೆಯಾಗುತ್ತದೆ. ರೋಗಿಗಳ ಅಂತಹ ಔದಾರ್ಯವನ್ನು ವ್ಯರ್ಥವಾಗಿಸುವ ನಷ್ಟದ ಮುಂದೆ ಬೊಂಬೆಯ ಅಂಚೆಯ ಖರ್ಚು ಯಾವ ಲೆಕ್ಕ?

ನಮ್ಮ ದೇಶದ ಅಂಚೆಪೆಟ್ಟಿಗೆ

ಯಂತ್ರದ ಅಳತೆಯನ್ನು ಅಂಚೆಯ ಮೂಲಕ ಪರೀಕ್ಷಿಸುವ ಕ್ರಮ ನಮಗೂ ಹೊಸದಲ್ಲ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು ವಿಶ್ವ ಆರೋಗ್ಯ ಸಂಸ್ಥೆಯೊಡಗೂಡಿ 1969ರಲ್ಲಿಯೇ ಇಂತಹ ವ್ಯವಸ್ಥೆಯನ್ನು ಆರಂಭಿಸಿತು. ಬಹುಕಾಲ ಲಿಥಿಯಂ ಫ್ಲೋರೈಡ್ ಗುಳಿಗೆಗಳನ್ನೇ ನಾನಾ ದೇಶಗಳ ಆಸ್ಪತ್ರೆಗಳಿಗೆ ಕಳಿಸುತ್ತಿತ್ತು. 2017ರಲ್ಲಿ ಅವುಗಳ ಜಾಗಕ್ಕೆ ಗಾಜಿನ ಪುಟ್ಟ ಮಾಪಕಗಳು ಬಂದವು. ಭಾರತದಲ್ಲಿ ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರವು ಅನೇಕ ದಶಕಗಳಿಂದ ಇಂತಹ ಅಂಚೆ ಪರೀಕ್ಷೆಯನ್ನು ದೇಶದ ಆಸ್ಪತ್ರೆಗಳಿಗಾಗಿ ನಡೆಸುತ್ತಿದೆ.

ಹೊಗೆಸೊಪ್ಪಿನ ದುರಭ್ಯಾಸದಿಂದ ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ನಮ್ಮ ದೇಶದಲ್ಲಿ ಹೇರಳವಾಗಿದೆಯೆಂಬುದನ್ನು ನೆನೆದರೆ, ಹೂಸ್ಟನ್ನಿನ ಪ್ಲಾಸ್ಟಿಕ್ ತಲೆಯ ಕಥೆ ದೂರದೇಶದ ಕೌತುಕವಾಗಿ ಮಾತ್ರ ಉಳಿಯುವುದಿಲ್ಲ. ನಮ್ಮ ಬಂಧುಬಳಗದಲ್ಲಿ ಯಾರಿಗಾದರೂ ಇಂತಹ ಚಿಕಿತ್ಸೆ ಒದಗಿದಾಗ, 'ಯಂತ್ರ ಹೊಸದೆ?' ಎಂದು ಕೇಳುವುದು ನಮ್ಮ ವಾಡಿಕೆ. 'ಇಲ್ಲಿ ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡುವ ಪದ್ಧತಿ ಇದೆಯೆ?' ಎಂದು ಕೇಳುವುದು ಅದಕ್ಕಿಂತ ಒಳ್ಳೆಯ ಪ್ರಶ್ನೆ.

ಹೆಸರಿಲ್ಲದ ಕೃತಜ್ಞತೆ

ಶಸ್ತ್ರವೈದ್ಯನಿಗೆ ರೋಗಿ ಕೈಮುಗಿಯುತ್ತಾನೆ. ಇರುಳೆಲ್ಲ ಎಚ್ಚರವಿದ್ದ ದಾದಿಗೆ ರೋಗಿಯ ತಾಯಿ ಹಣ್ಣು ತಂದುಕೊಡುತ್ತಾಳೆ. ಗುಣಪರೀಕ್ಷಕರಿಗೆ ಇವೆರಡರ ಭಾಗ್ಯವೂ ಇಲ್ಲ. ರೋಗಿಗೆ ಅವರ ಹೆಸರು ತಿಳಿಯದು. ಅವರಿಗೆ ರೋಗಿಯ ಹೆಸರು ತಿಳಿಯದು. ಅವರ ಕೆಲಸ ಸಫಲವಾದಾಗ ಏನೂ ಆಗುವುದಿಲ್ಲ. ಆಗಬಹುದಾಗಿದ್ದ ಕೇಡು ಆಗದೆ ಹೋಗುತ್ತದೆ, ಅಷ್ಟೆ. ಆಗದೆ ಹೋದುದನ್ನು ಯಾರು ಎಣಿಸುತ್ತಾರೆ?

ಟ್ರಾಗ್ ಪ್ರಯೋಗದವರು ಒಮ್ಮೆ ಎಣಿಸಿ ನೋಡಿದರು. ನೂರಕ್ಕೆ ಇಪ್ಪತ್ತು ಎಂಬ ಅಂಕಿ ದೊರೆಯಿತು. ಆ ಅಂಕಿಯ ಹಿಂದೆ ಊಟದ ಎಲೆಯ ಮುಂದೆ ಮತ್ತೆ ಬಂದು ಕುಳಿತ ತಂದೆಯಿರಬಹುದು, ಮೊಮ್ಮಗನ ಕೈಹಿಡಿದು ಬೀದಿಯ ಕೊನೆಯವರೆಗೆ ನಡೆದ ಅಜ್ಜಿಯಿರಬಹುದು. ದೂರದ ಊರಿನಲ್ಲಿ ಯಾರೋ ಒಬ್ಬರು ತಮ್ಮ ಕುತ್ತಿಗೆಯ ಚಿತ್ರವನ್ನು ಪದರ ಪದರವಾಗಿ ನೋಡಿ, ತಪ್ಪಿದ ಗೆರೆಯೊಂದರ ಬಳಿ ತಡೆದು ನಿಂತು, ಒಂದು ಪತ್ರ ಬರೆದರೆಂಬುದು ಅವರಿಗೆ ಎಂದೆಂದಿಗೂ ಗೊತ್ತಾಗುವುದಿಲ್ಲ.

ಆ ಪತ್ರ ಬರೆದವರು ಅಷ್ಟರಲ್ಲಿ ಮುಂದಿನ ಸಂಖ್ಯೆಯ ಕಡತವನ್ನು ತೆರೆದಿರುತ್ತಾರೆ.